ಬಲಮೂಲೆಯ ಬಟನ್

ಕಂಪ್ಯೂಟರಿನಲ್ಲಿ ಪಾಠ ತಯಾರಿಸುವ ಕೆಲಸಕ್ಕೆ ಈಗಷ್ಟೇ ಸೇರಿದ ಹುಡುಗ ಹುಡುಗಿಯರು ನನ್ನನ್ನು ಕಂಡೊಡನೆ ಕೇಳುವುದು ಒಂದೇ ಪ್ರಶ್ನೆ: "ಯಾವ ಸಾಫ್ಟ್‌ವೇರ್ ಕಲೀಬೇಕು ಮೇಡಂ?" ನಾನು ಕಲಿತ ಸಾಫ್ಟ್‌ವೇರುಗಳೆಲ್ಲ ನನಗಿಂತ ಮೊದಲೇ ನಿವೃತ್ತಿಯಾದವು. ಅವುಗಳ ಹೆಸರು ಹೇಳಿದರೆ ನೀವು ನಗುತ್ತೀರಿ. ಹಾಗಾಗಿ ಅದನ್ನು ಬಿಟ್ಟು, ನನ್ನ ಇಡೀ ನೌಕರಿ ಯಾವುದರ ಸುತ್ತ ತಿರುಗಿತೋ ಅದನ್ನೇ ಹೇಳುತ್ತೇನೆ. ಪಾಠದ ಪರದೆಯ ಬಲಮೂಲೆಯಲ್ಲಿ ಒಂದು ಬಟನ್ ಇರುತ್ತದಲ್ಲ, ಒತ್ತಿದರೆ ಮುಂದಿನ ಪುಟ ಬರುವಂಥದ್ದು, ಅದು ಯಾವಾಗ ಕಾಣಿಸಿಕೊಳ್ಳಬೇಕು, ಅದಕ್ಕೆ ಮೊದಲು ಎಷ್ಟು ಹೊತ್ತು ಎಲ್ಲವೂ ಸುಮ್ಮನಿರಬೇಕು ಎಂದು ನಿರ್ಧರಿಸುವುದು ನನ್ನ ಕೆಲಸವಾಗಿತ್ತು. ಇದೂ ಒಂದು ಕೆಲಸವೇ ಎಂದು ಮೂಗು ಮುರಿದ ನೆಂಟರಿಗೆ ಲೆಕ್ಕವಿಲ್ಲ.

ತೊಂಬತ್ತರ ದಶಕದ ಕೊನೆಗೆ ನಾನು ನುಂಗಂಬಾಕ್ಕಂನಲ್ಲಿ ಕಂಪ್ಯೂಟರ್ ಪಾಠ ತಯಾರಿಸುವ ಆಫೀಸಿಗೆ ಸೇರಿದಾಗ ನನಗೆ ಹತ್ತಿರ ಹತ್ತಿರ ನಲವತ್ತು. ಅದಕ್ಕೆ ಮುಂಚೆ ಒಂದು ವಿಮಾ ಕಚೇರಿಯಲ್ಲಿ ಹೊಸ ಗುಮಾಸ್ತರಿಗೆ ತರಬೇತಿ ಕೊಡುತ್ತಿದ್ದೆ. ಇಲ್ಲಿ ನನ್ನ ಸುತ್ತ ಇದ್ದವರೆಲ್ಲ ಇಪ್ಪತ್ತೈದರ ಆಸುಪಾಸಿನವರು. ವರ್ಷ ತುಂಬುವುದರೊಳಗೆ ನನಗೆ ‘ಪಾಸ್ ಮಾಮಿ’ ಎಂದು ಹೆಸರಿಟ್ಟರು. ಪಾಠದ ನಡುವೆ ಧ್ವನಿ ನಿಲ್ಲುವ ಜಾಗಕ್ಕೆ ಇಂಗ್ಲಿಷಿನಲ್ಲಿ ಪಾಜ್ ಎನ್ನುತ್ತಾರೆ. ತಮಿಳು ನಾಲಿಗೆಯಲ್ಲಿ ಅದು ಪಾಸ್ ಆಯಿತು. ಮಾಮಿ ಎಂದರೆ ತಮಿಳು ಬ್ರಾಹ್ಮಣರ ಮನೆಯ ಹೆಂಗಸು. ನಾನು ಹುಬ್ಬಳ್ಳಿ ಕಡೆಯ ರೈಲ್ವೆ ಮನೆತನದವಳು, ಅಪ್ಪನಿಗೆ ವರ್ಗವಾಗಿ ತಮಿಳು ಸೀಮೆಯ ಪೆರಂಬೂರಿಗೆ ಬಂದು ಅಲ್ಲೇ ಬೇರು ಬಿಟ್ಟವರು ನಾವು, ನನ್ನನ್ನು ಯಾವ ಲೆಕ್ಕದಲ್ಲಿ ಮಾಮಿ ಎನ್ನುತ್ತೀರಿ ಎಂದು ಜಗಳ ತೆಗೆದೆ. "ಸರಿ ಮಾಮಿ" ಎಂದರು.

ನಮ್ಮ ಮೊದಲ ಪಾಠ ಒಂದು ಕಚೇರಿಯ ಗುಮಾಸ್ತರಿಗಾಗಿ. ಒಂದು ಗಂಟೆಯ ಪಾಠ. ಬಟನ್ ಸದಾ ಕಾಣುವಂತೆ ಬಿಟ್ಟಿದ್ದೆವು. ಅವರು ಟಪಟಪ ಒತ್ತಿ ಹತ್ತು ನಿಮಿಷದೊಳಗೆ ಮುಗಿಸಿ ಊಟಕ್ಕೆ ಹೋದರು. ನಮ್ಮ ಮ್ಯಾನೇಜರ್ ಶ್ರೀನಿವಾಸನ್ ಕೆಂಡವಾದರು. "ಧ್ವನಿ ಮುಗಿಯೋವರೆಗೆ ಬಟನ್ ಬರಬಾರದು" ಎಂದು ಅಪ್ಪಣೆಯಾಯಿತು. ಹಾಗೇ ಮಾಡಿದೆವು. ಈಗ ಗುಮಾಸ್ತರು ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಕಾಫಿಗೆ ಹೋದರು, ಬಂದು ಒತ್ತಿದರು, ಮತ್ತೆ ಹೋದರು. ಬೀಗ ಹಾಕಿದರೂ ಕಲಿಯಲಿಲ್ಲ, ತೆರೆದಿಟ್ಟರೂ ಕಲಿಯಲಿಲ್ಲ. ನನಗೆ ತಲೆ ಕೆಟ್ಟುಹೋಯಿತು.

ದಾರಿ ತೋರಿಸಿದ್ದು ನನ್ನ ಅವ್ವ. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಭಾನುವಾರ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಾಗ ನಾನು ಎದುರಿಗೆ ಕೂತು ಪಾಠದ ಸ್ಕ್ರಿಪ್ಟನ್ನು ಕನ್ನಡಕ್ಕೆ ತಿರುಗಿಸುತ್ತ ಗಟ್ಟಿಯಾಗಿ ಓದುತ್ತಿದ್ದೆ, ಕೇಳಲು ಹೇಗಿದೆ ನೋಡೋಣವೆಂದು. ನಡುವೆಯೇ ಅವಳು ಕೈ ಎತ್ತಿದಳು.

"ನಿಂದರು. ನನಗ ಹೂಂ ಅನ್ನಾಕರ ಬಿಡು. ಯಾರರ ಬೆನ್ನ ಹತ್ಯಾರೇನು ನಿನಗ?"

ಅಷ್ಟೇ. ಕಥೆ ಕೇಳುವವರು ಹೂಂಗುಟ್ಟಬೇಕು, ಹೂಂ ಬಾರದಿದ್ದರೆ ಹೇಳುವವರು ನಿಲ್ಲಿಸುತ್ತಾರೆ, ಇದು ನಮ್ಮ ಮನೆಯ ಪದ್ಧತಿ. ನಾನು ಇದನ್ನು ಉಂಡು ಬೆಳೆದವಳು, ಆದರೂ ಆಫೀಸಿನಲ್ಲಿ ಮರೆತಿದ್ದೆ. ಅವತ್ತಿನಿಂದ ಸ್ಕ್ರಿಪ್ಟ್ ಬಂದರೆ ಮೊದಲು ಅವ್ವನಿಗೆ ಓದುವುದು. ಅವಳು ಎಲ್ಲಿ ಹೂಂ ಎನ್ನುತ್ತಾಳೋ ಅಲ್ಲಿ ಪೆನ್ಸಿಲಿನಿಂದ ಗೆರೆ. ಸುಲಭದ ಮಾತಿಗೆ ಹೂಂ ಥಟ್ಟನೆ ಬರುತ್ತಿತ್ತು. ಕಷ್ಟದ್ದಕ್ಕೆ ಸೊಪ್ಪಿನ ಕಡ್ಡಿ ಕೈಯಲ್ಲೇ ನಿಂತು, ಆಮೇಲೆ ಬರುತ್ತಿತ್ತು. ನಾನು ಗಡಿಯಾರ ನೋಡಿ ಎಣಿಸುತ್ತಿದ್ದೆ. ಆಫೀಸಿನಲ್ಲಿ ಆ ಗೆರೆ ಇದ್ದ ಕಡೆ ಧ್ವನಿ ನಿಲ್ಲಿಸಿ, ಅಷ್ಟೇ ಸೆಕೆಂಡು ಬಿಟ್ಟು, ಬಟನ್ ಬರುವಂತೆ ಮಾಡಿದೆ. ಜನ ಕೂತು ಕೇಳಿದರು. ಶ್ರೀನಿವಾಸನ್ ಇದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದಾಗ ನಾನು ಹೇಳಲಿಲ್ಲ. ಮೆಂತ್ಯ ಸೊಪ್ಪಿನಲ್ಲಿದೆ ಎಂದರೆ ನಂಬುತ್ತಿರಲಿಲ್ಲ.

ಆ ಮೇಲಿನ ಎರಡು ಮೂರು ವರ್ಷ ನನಗೆ ಕೊಂಬು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ವಿರಾಮದ ವಿಷಯದಲ್ಲಿ ನಾನು ಹೇಳಿದ್ದೇ ಕೊನೆ. ಯಾರಾದರೂ ಅರ್ಧ ಸೆಕೆಂಡು ಕತ್ತರಿಸಿದರೂ ಕಿವಿಗೆ ಗೊತ್ತಾಗುತ್ತಿತ್ತು, ಜಗಳವಾಡಿ ವಾಪಸು ಹಾಕಿಸುತ್ತಿದ್ದೆ. ಅಂಥ ಹೊತ್ತಿನಲ್ಲಿ ಬಂತು ಕ್ರೇನಿನ ಪಾಠ.

ಪೆರಂಬೂರಿನಿಂದ ಆಚೆ, ನಮ್ಮ ಮನೆಯಿಂದ ಅರ್ಧ ಗಂಟೆಯ ಬಸ್ಸಿನ ದಾರಿಯಲ್ಲಿ ಒಂದು ದೊಡ್ಡ ಕಾರ್ಖಾನೆ. ಅಲ್ಲಿ ಛಾವಣಿಯ ಕೆಳಗೆ, ಎರಡೂ ಗೋಡೆಗಳ ಮೇಲಿನ ಹಳಿಯಲ್ಲಿ ಓಡುವ ಕ್ರೇನುಗಳು. ಡ್ರೈವರ್ ಮೇಲೆ ತೂಗಾಡುವ ಕ್ಯಾಬಿನ್ನಿನಲ್ಲಿ ಕೂತಿರುತ್ತಾನೆ, ಕೆಳಗೆ ನಿಂತವನೊಬ್ಬ ಕೈ ಸನ್ನೆ ಮಾಡುತ್ತಾನೆ, ಆ ಸನ್ನೆ ನೋಡಿ ಇವನು ಭಾರ ಎತ್ತಬೇಕು, ಇಳಿಸಬೇಕು. ಈ ಡ್ರೈವರುಗಳಿಗೆ ಸುರಕ್ಷತೆಯ ಪಾಠ, ಕೊನೆಗೆ ಕಂಪ್ಯೂಟರಿನಲ್ಲೇ ಪರೀಕ್ಷೆ, ಎಲ್ಲ ಒಂದು ಸಿ.ಡಿ.ಯಲ್ಲಿ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದವರನ್ನು ಕ್ರೇನಿನಿಂದ ಇಳಿಸಿ ಉಗ್ರಾಣಕ್ಕೆ ಹಾಕುತ್ತೇವೆ ಎಂದು ಕಾರ್ಖಾನೆಯವರು ನೋಟೀಸು ಹಚ್ಚಿದ್ದರು.

ಪಾಠ ಮೂರು ಭಾಷೆಗಳಲ್ಲಿ ಬೇಕಿತ್ತು: ಇಂಗ್ಲಿಷ್, ತಮಿಳು, ಮತ್ತು ಅವರ ಇನ್ನೊಂದು ಕಾರ್ಖಾನೆ ಕರ್ನಾಟಕದಲ್ಲಿದ್ದುದರಿಂದ ಕನ್ನಡ. ಆಗ ಒಂದು ಕಂಪ್ಯೂಟರಿನಲ್ಲಿ ಕುಟ್ಟಿದ ತಮಿಳು ಅಕ್ಷರ ಇನ್ನೊಂದರಲ್ಲಿ ತೆರೆದರೆ ಇರುವೆ ಸಾಲಿನಂತೆ ಕಾಣುತ್ತಿತ್ತು. ಅದಕ್ಕೆ ಪ್ರಶ್ನೆಗಳನ್ನು ಅಚ್ಚು ಹಾಕಿಸುವುದು, ಬಟನ್ನಿನ ಮೇಲಿನ ಮಾತನ್ನು ನಾನು ಕಾಗದದ ಮೇಲೆ ಬರೆದುಕೊಡುವುದು, ನಮ್ಮ ಚಿತ್ರಗಾರ್ತಿ ಕಾಂತಾ ಅವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಅಂಟಿಸುವುದು ಎಂದಾಯಿತು. ಕಾಂತಾ ಸೌಕಾರ್‌ಪೇಟೆಯವಳು, ಮನೆಯಲ್ಲಿ ಮಾರವಾಡಿ. ತಮಿಳನ್ನು ಸಂತೆಯಲ್ಲಿ ಗೆಲ್ಲುವಷ್ಟು ಮಾತಾಡುತ್ತಾಳೆ, ಒಂದಕ್ಷರ ಓದಲಾರಳು. ಪಾಠದ ಭಾಗದಲ್ಲಿ ಪುಟಗಳು ನನ್ನ ವಿರಾಮ ಮುಗಿದೊಡನೆ ತಾವಾಗಿ ತಿರುಗುತ್ತಿದ್ದವು. ಬಟನ್ ಇದ್ದದ್ದು ಪರೀಕ್ಷೆಯಲ್ಲಿ ಮಾತ್ರ, ಒಂದೇ ಒಂದು, ಬಲಮೂಲೆಯಲ್ಲಿ, ಹಸಿರು. ಉತ್ತರ ಆರಿಸಿ, ಆ ಬಟನ್ ಒತ್ತಿದರೆ ಉತ್ತರ ದಾಖಲಾಗಿ ಮುಂದಿನ ಪ್ರಶ್ನೆ ಬರುತ್ತದೆ. ಅರವತ್ತು ಸೆಕೆಂಡಿನೊಳಗೆ ಒತ್ತದಿದ್ದರೆ ಆ ಪ್ರಶ್ನೆಗೆ ಉತ್ತರವಿಲ್ಲ ಎಂದು ಬರೆದುಕೊಂಡು ಯಂತ್ರ ತಾನೇ ಮುಂದೆ ಹೋಗುತ್ತದೆ. ಆಫೀಸಿನಲ್ಲಿ ನಾಲ್ಕು ಜನ ಪರೀಕ್ಷಿಸಿ ನೋಡಿ ಸರಿಯಿದೆ ಎಂದರು.

ಮೊದಲ ಪರೀಕ್ಷೆ ಮುಗಿದ ಮೇಲೆ ಕಾರ್ಖಾನೆಯ ತರಬೇತಿ ಅಧಿಕಾರಿ ಫೋನ್ ಮಾಡಿದರು. ಎಳೆಯ ಡ್ರೈವರುಗಳೆಲ್ಲ ಪಾಸು. ಐವತ್ತು ದಾಟಿದವರು ಬಹುತೇಕ ಫೇಲು. ಕಂಪ್ಯೂಟರ್ ಪ್ರತಿಯೊಬ್ಬರ ಸೆಕೆಂಡುಗಳನ್ನು ಬರೆದಿಟ್ಟುಕೊಳ್ಳುತ್ತಿತ್ತು. ಆ ಪಟ್ಟಿ ತರಿಸಿ ನೋಡಿದೆ. ಹಿರಿಯರ ಹೆಸರಿನ ಮುಂದೆಲ್ಲ ಅರವತ್ತು, ಅರವತ್ತು, ಅರವತ್ತು. ಒಂದು ಪ್ರಶ್ನೆಗೂ ಉತ್ತರ ದಾಖಲಾಗಿರಲಿಲ್ಲ.

"ವಯಸ್ಸಾಯ್ತು ಮೇಡಂ, ನಿಧಾನ" ಎಂದರು ಶ್ರೀನಿವಾಸನ್.

ನನಗೂ ಹಾಗೇ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ನನಗೆ ಗೊತ್ತಿದ್ದ ಮದ್ದು ಒಂದೇ, ವಿರಾಮ. ಅರವತ್ತನ್ನು ತೊಂಬತ್ತು ಮಾಡಿ ಹೊಸ ಸಿ.ಡಿ. ಕಳಿಸಿದೆ. ಅಭ್ಯಾಸಕ್ಕೆಂದು ಕೂರಿಸಿ ನೋಡಿದರು. ಪಟ್ಟಿಯಲ್ಲಿ ಈಗ ತೊಂಬತ್ತು, ತೊಂಬತ್ತು, ತೊಂಬತ್ತು. ಎರಡನೆಯ ಪರೀಕ್ಷೆಗೆ ಒಂದು ವಾರ ಉಳಿದಿತ್ತು. ಪಟ್ಟಿಯ ಮೊದಲ ಹೆಸರು ಏಕಾಂಬರಂ. ಇಪ್ಪತ್ತಾರು ವರ್ಷದಿಂದ ಕ್ಯಾಬಿನ್ನಿನಲ್ಲಿ ಕೂತವರು, ಒಂದು ಅಪಘಾತವೂ ಇಲ್ಲ ಎಂದು ತರಬೇತಿ ಅಧಿಕಾರಿಯೇ ಹೇಳಿದರು. ಇನ್ನೊಮ್ಮೆ ಫೇಲಾದರೆ ಅಂಥವರು ಮುಂದಿನ ಸೋಮವಾರದಿಂದ ಉಗ್ರಾಣದಲ್ಲಿ ನಟ್ಟು ಬೋಲ್ಟು ಎಣಿಸಬೇಕು. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ.

ಏಕಾಂಬರಂ ಕಾಸಿಮೇಡಿನ ಮೀನುಗಾರರ ಕೇರಿಯವರು, ಕಪ್ಪಗೆ, ಗಟ್ಟಿಮುಟ್ಟಾಗಿ ಇದ್ದರು. ನಾನು ಕೇಳಿಕೊಂಡಂತೆ ಅಭ್ಯಾಸದ ಪರೀಕ್ಷೆಗೆ ಕಂಪ್ಯೂಟರಿನ ಮುಂದೆ ಕೂತು, ಜೇಬಿನಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ನಾನು ಅವರ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತು, "ನಾನು ಇಲ್ಲಿಲ್ಲ ಅಂದ್ಕೊಳ್ಳಿ ಅಯ್ಯಾ" ಎಂದೆ.

ಪ್ರಶ್ನೆ ಬಂತು. ಕೆಳಗಿನವನ ಸನ್ನೆ ಒಂದು ಹೇಳುತ್ತಿದೆ, ಬಾಯಿ ಇನ್ನೊಂದು ಹೇಳುತ್ತಿದೆ. ಆಗ ಡ್ರೈವರ್ ಏನು ಮಾಡಬೇಕು? ಏಕಾಂಬರಂ ಕಣ್ಣು ಮಿಟುಕಿಸುವಷ್ಟರಲ್ಲಿ ಮೂರನೆಯ ಉತ್ತರ ಆರಿಸಿದರು: ‘ಏನೂ ಮಾಡದೆ ನಿಲ್ಲಿಸಬೇಕು.’ ಸರಿಯಾದ ಉತ್ತರ. ನಿಧಾನವೂ ಇಲ್ಲ, ಗಾಬರಿಯೂ ಇಲ್ಲ. ಬಲಮೂಲೆಯಲ್ಲಿ ಹಸಿರು ಬಟನ್ ಮೂಡಿತು. ಅವರು ಅದನ್ನು ಓದಿದರು. ಮೌಸಿನಿಂದ ಕೈ ತೆಗೆದರು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟರು. ತೊಂಬತ್ತು ಸೆಕೆಂಡು ಎಷ್ಟು ಉದ್ದ ಎಂದು ನನಗೆ ಅವತ್ತು ಗೊತ್ತಾಯಿತು. ಉತ್ತರವಿಲ್ಲ ಎಂದು ಯಂತ್ರ ಬರೆದುಕೊಂಡಿತು.

ತಡೆಯಲಾಗಲಿಲ್ಲ. "ಯಾಕೆ ಅಯ್ಯಾ ಒತ್ತಲಿಲ್ಲ?" ಎಂದು ತಮಿಳಿನಲ್ಲಿ ಕೇಳಿದೆ.

"ಒತ್ತಿದರೆ ಹಿಂದಕ್ಕೆ ಹೋಗತ್ತಲ್ಲಮ್ಮಾ" ಎಂದರು. "‘ಮುಂದಿನ’ ಅಂತ ಬರೆದಿದೆ ನೋಡಿ. ಆಗಲೇ ಮುಗಿದುಹೋದ ಪ್ರಶ್ನೆಗೆ ನಾನು ಯಾಕಮ್ಮಾ ವಾಪಸು ಹೋಗಲಿ?"

ನನ್ನ ಕಿವಿ ಗುಂಯ್ ಎಂದಿತು. ಕನ್ನಡ ಮಾತ್ರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಮುಂದಿನ ಎಂದರೆ ಇನ್ನು ಬರುವಂಥದ್ದು. ತಮಿಳಿನಲ್ಲೂ ಅದೇ ಮಾತು ಇದೆ, ಉಚ್ಚಾರವೂ ಅದೇ, ಆದರೆ ಅರ್ಥ ಮುಂಚಿನದು, ಆಗಿಹೋದದ್ದು. ನಮಗೆ ಮುಂದಿನ ವಾರ ಬರಬೇಕು, ಅವರಿಗೆ ಹೋಗಿಬಿಟ್ಟಿರುತ್ತದೆ. ಬರುವಂಥದ್ದಕ್ಕೆ ಅವರು ‘ಅಡುತ್ತ’ ಎನ್ನುತ್ತಾರೆ. ಕಾಗದದ ಮೇಲೆ ಕನ್ನಡದ ಸಾಲಿನಲ್ಲಿ ‘ಮುಂದಿನ’ ಎಂದು ಬರೆದ ನನ್ನ ಕೈ, ಪಕ್ಕದ ತಮಿಳು ಸಾಲಿನಲ್ಲೂ ಅದನ್ನೇ ತಮಿಳು ಅಕ್ಷರದಲ್ಲಿ ಬರೆದುಬಿಟ್ಟಿತ್ತು. ಸ್ಕೂಲಿನಲ್ಲಿ ತಮಿಳು ಓದಿ ಒಳ್ಳೆ ಅಂಕ ತೆಗೆದವಳ ಕೈ! ಕಾಂತಾಳಿಗೆ ಓದಲು ಬಾರದು. ಆಫೀಸಿನ ನಾಲ್ಕು ಜನ ಮೂಲೆ ನೋಡಿ ಒತ್ತಿದ್ದರು, ಅಕ್ಷರ ಓದಿರಲೇ ಇಲ್ಲ.

"ಮತ್ತೆ ಹುಡುಗರೆಲ್ಲ ಹೇಗೆ ಪಾಸಾದರು?"

"ಅವರು ಎಲ್ಲಮ್ಮಾ ಓದ್ತಾರೆ? ಕಂಡದ್ದನ್ನ ಒತ್ತಿಬಿಡ್ತಾರೆ."

ಓದಿದವರು ಫೇಲಾಗಿ ಓದದವರು ಪಾಸಾದ ಪರೀಕ್ಷೆ ನನ್ನದು.

"ಯಾರಿಗಾದರೂ ಹೇಳಬಾರದಿತ್ತೇ?"

ಏಕಾಂಬರಂ ಕನ್ನಡಕ ತೆಗೆದರು. "ಪರೀಕ್ಷೆ ರೂಮಿನಲ್ಲಿ ಮಾತಾಡಬಾರದು ಅಂತ ಬೋರ್ಡು ಹಾಕಿದ್ದಾರೆ. ಹೊರಗೆ ಬಂದರೆ, ಎಲ್ಲರಿಗೂ ಗೊತ್ತಿರೋದು ನನಗೊಬ್ಬನಿಗೇ ಗೊತ್ತಿಲ್ಲ ಅನ್ನಿಸ್ತು. ಆಮೇಲೆ, ಸಿಗ್ನಲ್ ಸಂದೇಹ ಇದ್ದರೆ ಕೈ ಹಾಕಬೇಡ ಅಂತ ಪಾಠದಲ್ಲಿ ಮಾತಾಡೋ ಆ ಅಮ್ಮ ಹೇಳಿದರಲ್ಲ? ಬಟನ್ ಒಂದು ಜಾಗದಲ್ಲಿದೆ, ಅಕ್ಷರ ಇನ್ನೊಂದು ಹೇಳ್ತಿದೆ. ನಾನು ನಿಲ್ಲಿಸಿದೆ."

ನಾನೇ ಬರೆದ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ್ದಕ್ಕೆ ನಾನೇ ಅವರನ್ನು ಫೇಲು ಮಾಡಿದ್ದೆ. ಅವಮಾನದಿಂದ ಕಣ್ಣು ತುಂಬಿ ಬಂತು. ಅವರು ನೋಡದಂತೆ ಚೀಲದಲ್ಲಿ ಏನೋ ಹುಡುಕಿದೆ. ತಪ್ಪು ನನ್ನದು ಎಂದು ಅಲ್ಲೇ ಹೇಳಬೇಕಿತ್ತು. ವಿಚಾರಿಸಿ ತಿಳಿಸುತ್ತೇನೆ ಎಂದು ಎದ್ದು ಬಂದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಹೇಡಿ ಕೆಲಸ ಅದು.

ಆಫೀಸಿಗೆ ಬಂದು ಶ್ರೀನಿವಾಸನ್‌ಗೆ ಹೇಳಿದೆ. ಅವರು ಬಹಳ ಹೊತ್ತು ಪೆನ್ನು ತಿರುಗಿಸಿದರು. "ಸದ್ದಿಲ್ಲದೆ ಬಟನ್ ಬದಲಾಯಿಸಿ ಕಳಿಸೋಣ. ಮೊದಲನೇ ಪರೀಕ್ಷೆ ಹೋದರೆ ಹೋಯಿತು, ಎರಡನೇದರಲ್ಲಿ ಪಾಸಾಗ್ತಾರೆ. ನಾವಾಗೇ ಹೋಗಿ ತಪ್ಪು ಅಂತ ಯಾಕೆ ಹೇಳಬೇಕು?"

"ಒಂದು ಫೇಲು ಅವರ ಹೆಸರಲ್ಲಿ ಉಳಿಯುತ್ತೆ ಸಾರ್. ಎರಡನೇದಕ್ಕೆ ಅವರು ಹೆದರಿಕೊಂಡೇ ಕೂರ್ತಾರೆ."

ಸಂಜೆ ಮನೆಗೆ ಬಂದು ಅವ್ವನ ಮುಂದೆ ಎಲ್ಲ ಕಾರಿಕೊಂಡೆ. ಅವಳು ಮೊದಲು ನಕ್ಕಳು. ಯಾಕೆ ನಕ್ಕಳೆಂದು ನನಗೆ ಗೊತ್ತು. ನಾನು ಸಣ್ಣವಳಿದ್ದಾಗ ಅವಳು ಪಕ್ಕದ ಮನೆಯವರಿಗೆ ತನ್ನ ಹರಕು ತಮಿಳಿನಲ್ಲಿ "ಮುಂದಿನ ವಾರಂ ಊರುಕ್ಕು ಪೋರೋಂ" ಎಂದಿದ್ದಳು. ಹೋದ ವಾರ ಹೇಗೆ ಊರಿಗೆ ಹೋಗುತ್ತೀರಿ ಎಂದು ಅವರು ನಕ್ಕು ನಕ್ಕು ಸುಸ್ತಾಗಿದ್ದರು. ಅವ್ವನನ್ನು ಆ ಮಾತಿಗೆ ನಾವು ಮಕ್ಕಳು ವರ್ಷಗಟ್ಟಲೆ ಕಾಡಿದ್ದೆವು.

"ನಾ ಒಂದ ಸಲ ಅಂದಿದ್ದಕ್ಕ ಇಷ್ಟು ವರ್ಷ ನಕ್ಕೀದಿ. ನೀ ಅದನ್ನ ಬರದು ಇಟ್ಟೀದಿ" ಎಂದಳು. ಆಮೇಲೆ ನಗು ನಿಲ್ಲಿಸಿ, "ಆ ಮನಷ್ಯಾಗ ಹೇಳಿದೇನು, ತಪ್ಪು ನಂದು ಅಂತ?"

"ಇನ್ನೂ ಇಲ್ಲ ಅವ್ವಾ."

"ಮತ್ತ ಇಲ್ಲಿ ಏನ ಮಾಡಾಕತ್ತಿ?"

ಬೆಳಿಗ್ಗೆ ನಾನು ಆಫೀಸಿಗೆ ಹೋದದ್ದು ತಪ್ಪೊಪ್ಪಿಗೆಯ ಕಾಗದ ಬರೆದುಕೊಂಡೇ. ಶಿಕ್ಷೆಯಾದರೆ ನನಗಾಗಲಿ ಎಂದು ನನ್ನೊಬ್ಬಳ ಸಹಿ ಹಾಕಿದ್ದೆ. ಶ್ರೀನಿವಾಸನ್ ಓದಿದರು, ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಮ್ಮದೂ ಹಾಕಿದರು. "ಚೆಕ್ ಮಾಡದೆ ಕಳಿಸಿದ್ದು ನಾನು" ಎಂದರು. ಅವರ ಬಗ್ಗೆ ನಾನು ಕ್ಯಾಂಟೀನಿನಲ್ಲಿ ಆಡಿದ್ದ ಮಾತುಗಳನ್ನೆಲ್ಲ ಅವತ್ತೇ ವಾಪಸು ತೆಗೆದುಕೊಂಡೆ.

ತರಬೇತಿ ಅಧಿಕಾರಿ ಕಾಗದವನ್ನು ಎರಡು ಸಲ ಓದಿ, ಮೊದಲ ಪರೀಕ್ಷೆಯನ್ನೇ ರದ್ದು ಮಾಡಿದರು. ಹಿರಿಯ ಡ್ರೈವರುಗಳನ್ನೆಲ್ಲ ಕರೆಸಿದರು. ಅವರ ಎದುರು ನಿಂತು, ನನ್ನ ಅಮ್ಮನ ಭಾಷೆಯ ಮಾತನ್ನು ನಿಮ್ಮ ಭಾಷೆಯ ಬಟನ್ನಿನ ಮೇಲೆ ಬರೆದೆ, ತಪ್ಪು ನನ್ನದು, ನಿಮ್ಮದಲ್ಲ ಎಂದೆ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು, "ಹಾಗಾದರೆ ನಮಗೆ ತಲೆ ಸರಿಯಿದೆ!" ಎಂದು ಕೂಗಿದರು. ಎಲ್ಲರೂ ನಕ್ಕರು. ಏಕಾಂಬರಂ ಮಾತ್ರ ನಗದೆ, ಕರವಸ್ತ್ರದಿಂದ ಕನ್ನಡಕ ಒರೆಸುತ್ತಲೇ ಇದ್ದರು.

ಹೊಸ ಬಟನ್ನಿಗೆ ‘ಅಡುತ್ತ’ ಎಂದು ನಾನು ಬರೆಯಲಿಲ್ಲ, ನನ್ನ ಕೈಯ ಮೇಲಿನ ನಂಬಿಕೆ ಹೋಗಿತ್ತು. ಏಕಾಂಬರಂ ಕೈಗೇ ಪೆನ್ನು ಕೊಟ್ಟೆ. ಅವರು ದುಂಡಗೆ ಬರೆದದ್ದನ್ನು ಕಾಂತಾ ಸ್ಕ್ಯಾನ್ ಮಾಡಿ ಅಂಟಿಸಿದಳು. ನಮ್ಮ ತಮಿಳು ಪಾಠಗಳಲ್ಲೆಲ್ಲ ಎಷ್ಟೋ ವರ್ಷ ಅದೇ ಬರಹ ಓಡಿತು. ಅರವತ್ತು ತೊಂಬತ್ತರ ಗಡುವನ್ನೂ ಕಿತ್ತುಹಾಕಿದೆ. ಒತ್ತುವವರೆಗೂ ಯಂತ್ರ ಕಾಯಲಿ, ಅದಕ್ಕೇನು ಮನೆಯಲ್ಲಿ ಒಲೆ ಉರಿಯುತ್ತಿದೆಯೇ? ಮರುಪರೀಕ್ಷೆಯಲ್ಲಿ ಒಬ್ಬರನ್ನು ಬಿಟ್ಟು ಹಿರಿಯರೆಲ್ಲ ಪಾಸಾದರು. ಆ ಒಬ್ಬರೂ ತಿಂಗಳ ನಂತರ ಪಾಸಾದರು.

ಆಮೇಲೆ ಸಿ.ಡಿ. ಹೋಗಿ ಇಂಟರ್ನೆಟ್ ಬಂತು, ತಮಿಳು ಕನ್ನಡ ಅಕ್ಷರಗಳು ಎಲ್ಲ ಕಂಪ್ಯೂಟರಿನಲ್ಲೂ ನೆಟ್ಟಗಾದವು. ಯಾರು ಎಲ್ಲಿ ಎಷ್ಟು ಸೆಕೆಂಡು ನಿಂತರು ಎಂಬುದು ಈಗ ಬಣ್ಣಬಣ್ಣದ ನಕ್ಷೆಯಾಗಿ ನಿಮ್ಮ ಮೇಜಿಗೇ ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ನಕ್ಷೆಯಲ್ಲಿ ಯಾರಾದರೂ ಬಹಳ ಹೊತ್ತು ನಿಂತದ್ದು ಕಂಡರೆ, ಅವರು ದಡ್ಡರು ಎಂದು ಬರೆದುಕೊಳ್ಳುವ ಮೊದಲು ಎದ್ದು ಹೋಗಿ ಅವರ ಬೆನ್ನ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ನಿಮಗೆ ಯಾವ ಸಾಫ್ಟ್‌ವೇರ್ ಬಂದರೂ ಬಾರದಿದ್ದರೂ ಈ ಕೆಲಸ ಬರುತ್ತದೆ.

ಮರುಪರೀಕ್ಷೆಯ ದಿನದ ಒಂದು ಸಂಗತಿ ಹೇಳುವುದು ಉಳಿದಿದೆ. ಫಲಿತಾಂಶ ಓದಿ ಮುಗಿದ ಮೇಲೆ ನಾನು ಗೇಟಿಗೆ ಹೋಗಲು ಶೆಡ್ಡಿನ ನಡುವೆ ಹಾದು ಹೊರಟೆ. ನೆಲದ ಮೇಲೆ ಹಳದಿ ಗೆರೆ ಎಳೆದ ಕಾಲುದಾರಿ. ಅರ್ಧ ದಾರಿಯಲ್ಲಿ ಎಲ್ಲ ಸದ್ದೂ ನಿಂತುಹೋದಂತಾಯಿತು. ನಾನೇನೋ ತಪ್ಪು ಮಾಡಿದೆ ಎಂದು ಗಾಬರಿಯಾಗಿ ಅಲ್ಲೇ ನಿಂತೆ. ಸ್ವಲ್ಪ ದೂರದಲ್ಲಿ ಒಂದು ಭಾರಿ ಉಕ್ಕಿನ ಹಲಗೆಗೆ ಕೊಕ್ಕೆ ಸಿಕ್ಕಿಸಿ, ಸರಪಳಿ ಬಿಗಿಯಾಗಿತ್ತು, ಅದು ಎದ್ದಿರಲಿಲ್ಲ. ಸನ್ನೆ ಮಾಡುವವನು ನನ್ನ ಕಡೆ ತಿರುಗಿ, "ಪೋಂಗಮ್ಮಾ, ನೀವು ದಾಟಿ ಹೋಗಿ" ಎಂದ. "ನೀವು ಆ ಕಡೆ ಸೇರೋವರೆಗೆ ಅವರು ಎತ್ತೋದಿಲ್ಲ."

ತಲೆ ಎತ್ತಿ ನೋಡಿದೆ. ಮೇಲೆ ಕ್ಯಾಬಿನ್ನಿನ ಗಾಜಿನ ಹಿಂದೆ ಏಕಾಂಬರಂ, ಎರಡೂ ಕೈ ತೊಡೆಯ ಮೇಲೆ, ನನ್ನನ್ನೇ ನೋಡುತ್ತ ಕೂತಿದ್ದರು. ಆ ಕೂತ ಭಂಗಿ ನನಗೆ ಗೊತ್ತಿತ್ತು. ನಾನು ದಾಟಿದೆ. ಜೀವನವಿಡೀ ಸೆಕೆಂಡು ಎಣಿಸಿದವಳು, ಅವರು ಅವತ್ತು ನನಗಾಗಿ ಎಷ್ಟು ಹೊತ್ತು ಕಾದರೆಂದು ಎಣಿಸಲು ಮರೆತೆ. ಆ ಬದಿ ಸೇರಿ ತಿರುಗಿ ನೋಡಿದಾಗ ಹಲಗೆ ನಿಧಾನವಾಗಿ ಮೇಲೇಳುತ್ತಿತ್ತು.